ಗಾಳಿ ಹೋಗಬಾರದು

ಕುವೈತಿನಲ್ಲಿ ಹಂಚಿನ ಮಾಡು ಎಂದರೆ ಬರೀ ಶೋಕಿ. ವರ್ಷಕ್ಕೆ ನಾಲ್ಕು ಹನಿ ಮಳೆ ಬೀಳುವ ಊರಿನಲ್ಲಿ ನೀರು ಇಳಿಯಲೆಂದು ಮಾಡು ಕಟ್ಟುವುದು ಯಾಕೆ ಎಂದು ಕೇಳಿದರೆ ಯಾರಲ್ಲೂ ಸರಿಯಾದ ಉತ್ತರವಿಲ್ಲ. ಆದರೂ ಕೆಲವರು ತಮ್ಮ ವಿಲ್ಲಾದ ತಲೆಯ ಮೇಲೆ ಕೆಂಪು ಹಂಚು ಹೊದಿಸಿ, ಅದಕ್ಕೆ ಕರ್ಮೀದ್ ಎಂದು ಹೆಸರಿಟ್ಟು, ರಸ್ತೆಯಲ್ಲಿ ಹೋಗುವವರೆಲ್ಲ ಒಮ್ಮೆ ಕತ್ತೆತ್ತಿ ನೋಡಲಿ ಎಂದು ಆಸೆಪಡುತ್ತಾರೆ. ಪಡುಬಿದ್ರಿಯ ಕೊರಗಪ್ಪಣ್ಣ ಮೊದಲ ಸಲ ಅಂಥ ಮನೆ ಕಂಡಾಗ ರಸ್ತೆ ಬದಿಯಲ್ಲೇ ನಿಂತು ನಕ್ಕಿದ್ದರು. ಹಂಚಿನ ಕೆಲಸಕ್ಕೆ ಊರಲ್ಲಿ ಬೆಲೆ ಹೋಯಿತೆಂದು ಸಮುದ್ರ ದಾಟಿ ಬಂದರೆ, ಹಂಚು ತಮಗಿಂತ ಮೊದಲೇ ಬಂದು ಇಲ್ಲಿ ಕೂತಿದೆಯಲ್ಲ ಎಂದು ಅವರಿಗೆ ಅನಿಸಿತ್ತು.

ಅವರು ಹರೆಯದಲ್ಲಿ ಮಾಡಿನ ಬಡಗಿಗಳ ಜೊತೆ ದುಡಿದವರು. ಪಕ್ಕಾಸಿನ ಮರ, ಅದರ ಮೇಲೆ ರೀಪಿನ ಪಟ್ಟಿ, ಅದರ ಮೇಲೆ ಹಂಚು ಎಂದು ದಿನವಿಡೀ ಮೇಲೆಯೇ ಇರುತ್ತಿದ್ದರು. ಊರಿನವರೆಲ್ಲ ತಾರಸಿ ಮನೆಗೆ ಮನಸೋತ ಮೇಲೆ ಆ ಕೆಲಸ ಕೈಬಿಟ್ಟಿತು. ಮುಂಬಯಿಯ ಹೋಟೆಲಿನಲ್ಲಿ ಕೆಲ ಕಾಲ ಲೋಟ ತೊಳೆದರು. ಆಮೇಲೆ ಯಾರೋ ಪುಣ್ಯಾತ್ಮರು ವೀಸಾ ಕೊಡಿಸಿ ಕುವೈತಿಗೆ ಕರೆಸಿಕೊಂಡರು. ಇಲ್ಲಿಯೂ ಅವರ ಪಾಲಿಗೆ ಬಂದದ್ದು ಮಾಡೇ. ಸುಲೈಬಿಯಾದ ಗೋದಾಮುಗಳ ಚಪ್ಪಟೆ ಮಾಡುಗಳ ಮೇಲೆ ಫೋಮ್ ಹೊಡೆಯುವ ಕೆಲಸ. ಎರಡು ಬ್ಯಾರೆಲಿನ ದ್ರಾವಣ ಎರಡು ಪೈಪಿನಲ್ಲಿ ಬಂದು ಗನ್ನಿನ ಬಾಯಲ್ಲಿ ಕೂಡಿಕೊಂಡು ಹೊರಗೆ ಹಾರುತ್ತದೆ. ತಾಗಿದಲ್ಲೇ ಉಬ್ಬಿ, ಹಳದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಅದು ಕೂತ ಮೇಲೆ ಬಿಸಿಲು ಕೆಳಗಿಳಿಯುವುದಿಲ್ಲ. ಕೆಳಗಿನವರು ತಂಪಾಗಿರುತ್ತಾರೆ, ಹೊಡೆಯುವವನು ಮಾತ್ರ ಬೇಯುತ್ತಾನೆ.

ಬೆಂದದ್ದು ಹೆಚ್ಚಾಗಿ ಕಳೆದ ಬೇಸಿಗೆಯಲ್ಲಿ ಕೊರಗಪ್ಪಣ್ಣ ಗೋದಾಮಿನ ಮೇಲೆ ಕುಸಿದು ಬಿದ್ದರು. ಜೊತೆಯಲ್ಲಿದ್ದ ಸೈದು ಅವರನ್ನು ಹೊತ್ತು ಕೆಳಗಿಳಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೈದು ಉಳ್ಳಾಲದ ಬ್ಯಾರಿ, ಪೈಪು ಹಿಡಿಯುವವನು, ಆಳು ಗಟ್ಟಿ. ಆಸ್ಪತ್ರೆಯ ಡಾಕ್ಟರು ಇನ್ನು ಮೇಲೆ ಬಿಸಿಲಿನ ಕೆಲಸ ಕೂಡದು ಎಂದರು. ಬಿಸಿಲಿಲ್ಲದ ಮಾಡು ಕುವೈತಿನಲ್ಲಿ ಎಲ್ಲಿಂದ ತರುವುದು?

ಅದನ್ನು ತಂದವರು ಕಂಪನಿಯ ಇಂಜಿನಿಯರು. ಈಜಿಪ್ಟಿನವರು, ಹೆಸರು ಹಾನಿ. ಅರಬಿಯಲ್ಲಿ ಆ ಹೆಸರಿಗೆ ಸುಖವಾಗಿರುವವನು ಎಂದರ್ಥವಂತೆ. ನಮ್ಮ ಕಡೆಯವರಿಗೆ ಆ ಅರ್ಥ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ಅವರು ಸೈಟಿಗೆ ಬಂದರೆ "ಹಾನಿ ಬಂತು" ಎಂದೇ ಸೈದು ಹೇಳುತ್ತಿದ್ದ. ಎದುರಿಗೆ ಮಾತ್ರ ಎಲ್ಲರೂ ಬಾಶ್‌ಮುಹಂದಿಸ್, ಅಂದರೆ ಇಂಜಿನಿಯರ್ ಸಾಹೇಬರು, ಎಂದು ಗೌರವದಿಂದ ಕರೆಯುತ್ತಿದ್ದರು. ಮನುಷ್ಯ ಕೂಗಾಡುವ ಜಾತಿ, ಆದರೆ ಹೊಟ್ಟೆಯಲ್ಲಿ ವಿಷವಿಲ್ಲ.

ಹಾನಿಯವರು ಕೊರಗಪ್ಪಣ್ಣನನ್ನು ಕೂರಿಸಿಕೊಂಡು ತಮ್ಮ ಅರೆಬರೆ ಹಿಂದಿಯಲ್ಲಿ ವಿಷಯ ತಿಳಿಸಿದರು. ಕರ್ಮೀದ್ ಮನೆಗಳ ಮಾಡಿನ ಕೆಳಗೆ ಟೊಳ್ಳು ಜಾಗವಿರುತ್ತದೆ, ಅಟ್ಟದ ಹಾಗೆ. ಎ.ಸಿ.ಯ ತಗಡಿನ ಕೊಳವೆಗಳೆಲ್ಲ ಅದರೊಳಗೇ ಹಾದುಹೋಗುತ್ತವೆ. ಅಲ್ಲಿ ಬೆಂಕಿಯಂಥ ಸೆಕೆ, ಹಾಗಾಗಿ ತಂಪು ಅರ್ಧ ದಾರಿಯಲ್ಲೇ ಸತ್ತುಹೋಗುತ್ತದೆ. ಈಗ ಅಟ್ಟದ ಒಳಗಿನಿಂದ, ಮಾಡಿನ ಅಡಿಮೈಗೆ ಫೋಮ್ ಹೊಡೆಯಬೇಕು. ಕಿಂಡಿ ಗಿಂಡಿ ಎಲ್ಲ ಮುಚ್ಚಿ ಅಟ್ಟಕ್ಕೆ ಹೀಗೆ ಹೊಡೆಯಲು ಸರಕಾರಿ ಕಚೇರಿಯ ವಿಶೇಷ ಒಪ್ಪಿಗೆ ಬೇಕು, ಯಾಕೆಂದರೆ ಫೋಮಿಗೆ ಬೆಂಕಿಯ ಭಯ, ಮರಕ್ಕೆ ತೇವದ ಭಯ. ಒಂದು ಮನೆಯಲ್ಲಿ ಮಾಡಿ ತೋರಿಸಿ ಪರೀಕ್ಷೆ ಪಾಸಾದರೆ ಮುಂದಿನ ಮನೆಗಳಿಗೆ ದಾರಿ ಸುಲಭ. ಆಗ ಅಟ್ಟದ ಕೆಲಸಕ್ಕೆಂದೇ ಒಂದು ತಂಡ, ಅದಕ್ಕೆ ಕೊರಗಪ್ಪಣ್ಣ ಫೋರ್ಮನ್. ಬೆಳಗ್ಗೆ ಬೇಗ ಹತ್ತಿ ಬಿಸಿಲೇರುವ ಮೊದಲು ಇಳಿಯಬಹುದು.

"ಪಾಸಾಗದಿದ್ದರೆ?" ಎಂದು ಕೊರಗಪ್ಪಣ್ಣ ಕೇಳಿದರು.

"ಖಲಾಸ್," ಎಂದರು ಹಾನಿ, ಕೈ ಒರೆಸಿಕೊಳ್ಳುತ್ತ. "ಇಕಾಮಾ ಮುಗಿದ ಮೇಲೆ ಇಲ್ಲಿರುವ ಹಾಗಿಲ್ಲ, ಊರಿಗೆ. ನನಗೂ ಬೇಜಾರು. ಆದರೆ ಬಿಸಿಲಿಗೆ ಹೋಗಲಾಗದವನಿಗೆ ನಾನು ಬೇರೆ ಏನು ಕೆಲಸ ಕೊಡಲಿ?"

ಊರಿಗೆ ಹೋಗುವುದಕ್ಕೆ ಯಾರಾದರೂ ಹೆದರುತ್ತಾರೆಯೇ? ಕೊರಗಪ್ಪಣ್ಣ ಹೆದರಿದರು, ಯಾಕೆಂದರೆ ಅವರ ಹೆಂಡತಿ ವಾರಿಜಾ ಇದ್ದದ್ದು ಕುವೈತಿನಲ್ಲಿ. ಮದುವೆಯಾದಂದಿನಿಂದ ಅವರಿಬ್ಬರ ಸಂಸಾರ ನಡೆದದ್ದು ರಜೆಯಲ್ಲಿ ಮತ್ತು ಫೋನಿನಲ್ಲಿ. ಮಗಳನ್ನು ಬೆಳೆಸಿದ್ದು, ಮದುವೆ ಮಾಡಿಸಿದ್ದು ಎಲ್ಲ ವಾರಿಜಾ ಒಬ್ಬರೇ. ಆ ಜವಾಬ್ದಾರಿ ಮುಗಿದ ಮೇಲೆ, ರಿಗ್ಗೈಯ ಒಂದು ಶಿಶುವಿಹಾರದಲ್ಲಿ ಆಯಾ ಬೇಕಂತೆ ಎಂದು ಕೇಳಿ, ಗಂಡನನ್ನೂ ಹೆಚ್ಚು ಕೇಳದೆ ವಿಮಾನ ಹತ್ತಿ ಬಂದುಬಿಟ್ಟಿದ್ದರು. ಈಗ ಅಬ್ಬಾಸಿಯಾದಲ್ಲಿ, ಶಿರ್ವದ ವೈಲೆಟ್ ಮತ್ತು ಅವರ ಗಂಡ ಮಥಾಯಸರ ಫ್ಲ್ಯಾಟಿನ ಒಂದು ಕೋಣೆ ಇವರದು. ವೈಲೆಟ್ ಕೊರಗಪ್ಪಣ್ಣನ ಕಂಪನಿಯಲ್ಲೇ ಒಪ್ಪಿಗೆಯ ಕಾಗದಪತ್ರ ನೋಡಿಕೊಳ್ಳುವವರು. ಊರಿನ ವಾಡಿಕೆಯಂತೆ ಇವರಿಬ್ಬರೂ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು.

ಆ ಒಂದು ಕೋಣೆಯಲ್ಲಿ ಆ ವಯಸ್ಸಿಗೆ ಅವರ ಸಂಸಾರ ಶುರುವಾಯಿತು. ವಾರಿಜಾ ಒಲೆಯ ಮುಂದೆ ನಿಂತು ಹಾಲಿನ ಜೊತೆ ಮಾತಾಡುತ್ತಾರೆ, ಉಕ್ಕಬೇಡ ಎಂದು ಬುದ್ಧಿ ಹೇಳುತ್ತಾರೆ ಎಂಬುದು ಕೊರಗಪ್ಪಣ್ಣನಿಗೆ ಇಲ್ಲಿಯೇ ಗೊತ್ತಾಯಿತು. ಶಿಶುವಿಹಾರದ ಮಕ್ಕಳು ಅವರನ್ನು "ವಾರಿ, ವಾರಿ" ಎನ್ನುತ್ತ ಸೆರಗು ಬಿಡುವುದಿಲ್ಲ ಎಂದು ವಾರಿಜಾ ದಿನಾ ಹೇಳುವರು, ಹೇಳುವಾಗ ಮುಖ ಅರಳುವುದು. ಇಂಥವಳನ್ನು ಇಲ್ಲೇ ಬಿಟ್ಟು ತಾನು ಊರಿಗೆ ಹೋಗುವುದೆಂದರೆ ಹಳೆಯ ವನವಾಸವೇ ತಿರುವುಮುರುವಾಗಿ ಮತ್ತೆ ಬಂದಂತೆ. ಬಾ ಎಂದು ಕರೆದರೆ ಅವಳ ಖುಷಿಯ ಕೆಲಸ ತಪ್ಪಿಸಿದಂತೆ. ಕೊರಗಪ್ಪಣ್ಣ ಬಾಯಿ ಬಿಡಲಿಲ್ಲ. ಪಾಸಾದರೆ ಹೇಳಬೇಕಾದ ಪ್ರಮೇಯವೇ ಇಲ್ಲವಲ್ಲ ಎಂದು ತಮ್ಮನ್ನೇ ಸಮಾಧಾನಪಡಿಸಿಕೊಂಡರು.

ಮೊದಲ ಮನೆ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ವಿಲ್ಲಾ. ನಕ್ಷೆಗೆ ಕಚೇರಿಯ ಮುದ್ರೆ ಬಿತ್ತು. ಕೆಲಸ ಶುರುವಾಗುವ ಹೊತ್ತಿಗೆ ಹಾನಿಯವರು ರಜೆಯ ಮೇಲೆ ಕೈರೋಗೆ ಹೋದರು. ಅಲ್ಲಿಂದಲೇ ವೈಲೆಟರಿಗೆ ಫೋನು ಮಾಡಿ, ಅಟ್ಟದ ಎರಡು ತುದಿಯ ಗೋಡೆಗಳಲ್ಲಿ ಕಟ್ಟಿದವರು ಬಿಟ್ಟ ಕಿಂಡಿಗಳಿವೆ, ಗಾಳಿ ಆಡಕೂಡದು, ಕೊರಗಪ್ಪನಿಗೆ ಸರಿಯಾಗಿ ತಿಳಿಸಿಬಿಡು ಎಂದರು. ವೈಲೆಟ್ ಟೈಪ್ ಮಾಡುವ ಗೋಜಿಗೆ ಹೋಗಲಿಲ್ಲ. ಆಫೀಸಿನ ಗದ್ದಲದ ನಡುವೆ ಫೋನನ್ನು ಬಾಯಿಗೆ ಹಿಡಿದು ವಾಯ್ಸ್ ಕಳಿಸಿದರು:

"ಕೊರಗಪ್ಪಣ್ಣ, ಆ ಎರಡು ಕಿಂಡಿಯದ್ದು ನೋಡಿಕೊಳ್ಳಿ ಆಯ್ತಾ. ಗಾಳಿ ಹೋಗ್ಬಾರ್ದು ಅಂತ ಬಾಶ್‌ಮುಹಂದಿಸ್ ಎರಡೆರಡು ಸಲ ಹೇಳಿದ್ದಾರೆ. ಮತ್ತೆ ಮರೀಬೇಡಿ."

ಕೊರಗಪ್ಪಣ್ಣ ಮೆಸೇಜನ್ನು ಅಟ್ಟದ ಏಣಿಯ ಮೇಲೆಯೇ ನಿಂತು ಕೇಳಿದರು. ಗಾಳಿ ಹೋಗಬಾರದು. ಕರೆಂಟು ಹೋಗಬಾರದು, ನೀರು ಹೋಗಬಾರದು ಎನ್ನುವ ಹಾಗೆ. ಅಂದರೆ ಗಾಳಿ ಇಲ್ಲದ ಹಾಗೆ ಆಗಬಾರದು, ಬರುತ್ತಿರುವ ಗಾಳಿ ನಿಲ್ಲಬಾರದು. ಅವರಿಗೆ ಇಂಜಿನಿಯರರ ಮೇಲೆ ಗೌರವ ಇಮ್ಮಡಿಸಿತು. ಹಂಚಿನ ಅಡಿಯ ಮರಕ್ಕೆ ಗಾಳಿ ತಪ್ಪಿದರೆ ಅದು ಕೊಳೆತು ಕುಂಬಾಗುತ್ತದೆ ಎಂಬುದೇ ಪಡುಬಿದ್ರಿಯ ಬಡಗಿಗಳು ಕಲಿಸಿದ ಮೊದಲ ಪಾಠ. ಈಜಿಪ್ಟಿನವರಿಗೂ ಇದೆಲ್ಲ ಗೊತ್ತುಂಟಲ್ಲ ಎಂದು ಅವರು ಸೈದುವಿಗೆ ಹೇಳಿದರು.

"ಅಣ್ಣಾ, ಕಿಂಡಿ ಮುಚ್ಚುದಂತ ಅಲ್ವಾ ಮೊದ್ಲು ಹೇಳಿದ್ದು?" ಎಂದು ಸೈದು ತಲೆ ಕೆರೆದುಕೊಂಡ.

"ಮೊದ್ಲು ಹೇಳಿದ್ದು ಮೊದ್ಲಿಗೆ ಆಯ್ತು. ಇದು ಈಗ ಹೇಳಿದ್ದು. ಕೇಳು, ಬೇಕಾದ್ರೆ."

ಸೈದು ಕೇಳಿದ. ಅವನಿಗೂ ಹಾಗೆಯೇ ಕೇಳಿಸಿತು.

ಕೊರಗಪ್ಪಣ್ಣ ಆ ಅಟ್ಟದಲ್ಲಿ ಮಾಡಿದ ಕೆಲಸ ನೋಡುವಂತಿತ್ತು. ಬಿಳಿ ಸೂಟು, ಮುಖಕ್ಕೆ ಗಾಳಿಯ ಮಾಸ್ಕು ಹಾಕಿಕೊಂಡು, ಬಗ್ಗಿ, ಕೆಲವೆಡೆ ಮಲಗಿ, ಹಲಗೆಯ ಒಂದು ಬೆರಳು ಜಾಗವನ್ನೂ ಬಿಡದೆ ಫೋಮ್ ಹೊಡೆದರು. ಅದರ ಮೇಲೆ ಬೆಂಕಿ ತಡೆಯುವ ಬಣ್ಣವನ್ನು ಎರಡು ಕೈ ಬಳಿದರು. ಎರಡೂ ಕಿಂಡಿಗಳ ಅಂಚನ್ನು ಚೊಕ್ಕವಾಗಿ ಕೊಯ್ದು, ಹಕ್ಕಿ ನುಗ್ಗದಂತೆ ತಂತಿಬಲೆ ಕೂರಿಸಿ, ಗಾಳಿ ಸರಾಗ ಆಡುವಂತೆ ಬಿಟ್ಟರು. ಮನಸ್ಸಿಟ್ಟು ತಪ್ಪು ಮಾಡುವುದು ಎಂದರೆ ಹೀಗೆ. ಅರೆಮನಸ್ಸಿನ ಕೆಲಸಗಾರನಾಗಿದ್ದರೆ ಬಲೆಯನ್ನಾದರೂ ಮರೆಯುತ್ತಿದ್ದ.

ಕಚೇರಿಯಿಂದ ಪರೀಕ್ಷೆಗೆ ಬಂದವರು ಒಬ್ಬ ಕುವೈತಿ ಹುಡುಗಿ, ಇಂಜಿನಿಯರು. ಕಪ್ಪು ಅಬಾಯದ ಕೆಳಗೆ ಸೇಫ್ಟಿ ಶೂ, ಮೆತ್ತಗಿನ ಮಾತು. ಆಗಸ್ಟಿನ ಜಿಗುಟು ಸೆಕೆ, ಸಮುದ್ರದ ಕಡೆಯ ಗಾಳಿ. ಅಟ್ಟಕ್ಕೆ ಹತ್ತಿ, ಫೋಮನ್ನು ಸೂಜಿಯಿಂದ ಚುಚ್ಚಿ ದಪ್ಪ ನೋಡಿ ತಲೆದೂಗಿದರು. ಬಣ್ಣ ನೋಡಿ ತಲೆದೂಗಿದರು. ಆಮೇಲೆ ತುದಿಯ ಗೋಡೆಯತ್ತ ಟಾರ್ಚು ಬಿಟ್ಟವರು ಹಾಗೇ ನಿಂತರು. ನಕ್ಷೆ ತೆರೆದರು. ಮತ್ತೆ ಕಿಂಡಿಯನ್ನು ನೋಡಿದರು. ಎ.ಸಿ. ಕೊಳವೆಯ ಮೇಲೆ ಬೆರಳಾಡಿಸಿದರೆ ಬೆರಳು ಒದ್ದೆ. ಕೊಳವೆಯಿಂದ ನೀರು ತೊಟ್ಟಿಕ್ಕಿ ಕೆಳಗಿನ ಸೀಲಿಂಗಿನಲ್ಲಿ ಆಗಲೇ ಒಂದು ಕಲೆ ಮೂಡಿತ್ತು.

"ಸದೀಕ್, ಇದನ್ನು ಯಾರು ತೆರೆದಿಟ್ಟದ್ದು?" ಎಂದು ಅವರು ಕೇಳಿದರು. ಸದೀಕ್ ಎಂದರೆ ಗೆಳೆಯ.

"ನಾನೇ ಮೇಡಂ," ಎಂದರು ಕೊರಗಪ್ಪಣ್ಣ, ಹೆಮ್ಮೆಯಿಂದಲೇ.

ಒಪ್ಪಿಗೆ ಇಲ್ಲ ಎಂದು ಬರೆದು ಅವರು ಇಳಿದು ಹೋದರು. ಕೊರಗಪ್ಪಣ್ಣ ಅವರ ಹಿಂದೆಯೇ ಇಳಿದರು. ಏಣಿಯ ಬುಡದಲ್ಲಿ ಕೂತವರು ಸೈದು ತಂದುಕೊಟ್ಟ ನೀರನ್ನೂ ಕುಡಿಯಲಿಲ್ಲ. ಆ ದಿನ ಮನೆಗೆ ಹೋಗಿ ವಾರಿಜಾ ಬಡಿಸಿದ್ದನ್ನು ಉಂಡು, ಕೆಲಸ ಹೇಗಾಯಿತು ಎಂದು ಕೇಳಿದ್ದಕ್ಕೆ "ಉಂಟು" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಉಂಟು ಎಂಬ ಮಾತಿಗೆ ಅರ್ಥವೇನು ಎಂದು ಹೆಂಡತಿಗೆ ಗೊತ್ತಾಗುವುದಿಲ್ಲ ಎಂದು ಗಂಡಸರು ಯಾಕೆ ತಿಳಿಯುತ್ತಾರೋ.

ಕೈರೋದಿಂದ ಮರಳಿದ ಹಾನಿಯವರು ಆಫೀಸಿನಲ್ಲಿ ಹೆಸರಿಗೆ ತಕ್ಕ ಹಾಗೆ, ಅಂದರೆ ನಮ್ಮ ಕಡೆಯ ಅರ್ಥಕ್ಕೆ ತಕ್ಕ ಹಾಗೆ, ಕೂಗಾಡಿದರು. ಮುಚ್ಚು ಎಂದರೆ ತೆರೆದು ಜಾಲರಿ ಹಾಕುತ್ತಾನೆ, ಇವನನ್ನು ಫೋರ್ಮನ್ ಮಾಡುವುದಾದರೂ ಹೇಗೆ ಎಂದು ಮೇಜು ಗುದ್ದಿದರು. ಕೊರಗಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದರು. ವಾದಿಸುವ ಅಭ್ಯಾಸ ಅವರಿಗಿಲ್ಲ. ವೈಲೆಟ್ ಮಾತ್ರ ತಮ್ಮ ಫೋನಿನಲ್ಲಿ ಆ ಹಳೆಯ ವಾಯ್ಸನ್ನು ಹುಡುಕಿ, ಕಿವಿಗೆ ಹಿಡಿದು ಒಮ್ಮೆ ಕೇಳಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ಹಣೆಗೆ ಕೈ ಇಟ್ಟುಕೊಂಡರು.

"ಸರ್, ನಾನು ಹೇಳಿದ ಮಾತಿಗೆ ಎರಡು ಅರ್ಥ ಉಂಟು," ಎಂದರು ಇಂಗ್ಲಿಷಿನಲ್ಲಿ. "ನಾನು ಒಂದು ಹೇಳಿದೆ, ಅವರು ಇನ್ನೊಂದು ಕೇಳಿದರು."

"ಗಾಳಿ ಬೇಡ ಎನ್ನುವುದಕ್ಕೆ ಎರಡು ಅರ್ಥವೇ? ಅದೆಂಥ ಭಾಷೆ ನಿಮ್ಮದು?"

"ನಂಬಿಕೆ ಇಲ್ಲದಿದ್ದರೆ ನೀವೇ ಪರೀಕ್ಷೆ ಮಾಡಿ ನೋಡಿ."

ಹಾನಿಯವರಿಗೆ ಪರೀಕ್ಷೆ ಎಂದರೆ ಬಹಳ ಇಷ್ಟ. ಅವರ ಕೋಣೆಯ ಕಿಟಕಿ ಅರ್ಧ ತೆರೆದಿತ್ತು, ಎ.ಸಿ. ಓಡುತ್ತಿತ್ತು. ಮೊದಲು ಸೈದುವನ್ನು ಕರೆಸಿದರು. ವೈಲೆಟ್ ಅವನಿಗೆ, "ಸೈದು, ಈ ರೂಮಿನಲ್ಲಿ ಗಾಳಿ ಹೋಗ್ಬಾರ್ದು, ಎಂತ ಮಾಡ್ಬೇಕು ಮಾಡು" ಎಂದರು. ಸೈದು ಕೋಣೆಯನ್ನೊಮ್ಮೆ ನೋಡಿದ. ನೇರ ಹೋಗಿ ಎ.ಸಿ.ಯ ಸ್ವಿಚ್ಚಿಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತ. ಯಾರೂ ಅದನ್ನು ಆರಿಸದಂತೆ ಕಾವಲು.

ಆಮೇಲೆ ಕಂಪನಿಯ ಡ್ರೈವರ್ ಅಬ್ದುಲ್ ಹಕೀಂನನ್ನು ಕರೆದರು. ಅವನು ಕಲಬುರಗಿಯವನು. ಅದೇ ಮಾತನ್ನು ಅವನಿಗೂ ಹೇಳಿದರು. ಅವನು ಕಿಟಕಿಯ ಬಳಿ ಹೋಗಿ, ಕೈ ಇಟ್ಟು, ತಿರುಗಿ ಕೇಳಿದ: "ಯಾವ ಗಾಳಿ ರೀ ಅಕ್ಕೋರೆ, ಒಳಗಿನ ತಂಪಂದೋ, ಹೊರಗಿನ ಬಿಸಿದೋ?" ಉತ್ತರಕ್ಕೆ ಕಾಯದೆ, ಎರಡಕ್ಕೂ ಒಂದೇ ಮದ್ದು ಎಂಬಂತೆ ಕಿಟಕಿ ಮುಚ್ಚಿದ.

ಹಾನಿಯವರು ಸ್ವಿಚ್ಚಿನ ಕಾವಲು ಕಾಯುತ್ತಿದ್ದ ಸೈದುವನ್ನು ನೋಡಿದರು, ಕಿಟಕಿಯ ಬಳಿಯ ಹಕೀಂನನ್ನು ನೋಡಿದರು. ನಗು ಮೊದಲು ಅವರ ಹೊಟ್ಟೆಯಲ್ಲಿ ಶುರುವಾಗಿ ಆಮೇಲೆ ಬಾಯಿಗೆ ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಕೊರಗಪ್ಪಣ್ಣನ ಕಡೆ ತಿರುಗಿ, ನಿಜವಾಗಿಯೂ ಸುಖವಾಗಿರುವವನ ದನಿಯಲ್ಲಿ ಹೇಳಿದರು.

"ಫೋಮಿನಲ್ಲಿ ತಪ್ಪಿಲ್ಲ ಎಂದು ಆ ಹುಡುಗಿಯೇ ಬರೆದಿದ್ದಾಳೆ. ಒಂದು ವಾಕ್ಯಕ್ಕಾಗಿ ಒಬ್ಬ ಮನುಷ್ಯನನ್ನು ಊರಿಗೆ ಕಳಿಸಲಾರೆ. ಇನ್ನೊಮ್ಮೆ ಪರೀಕ್ಷೆ ಕೇಳೋಣ. ಆದರೆ ಅಲ್ಲಿಯೂ ಆಗದಿದ್ದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ, ತಿಳಿಯಿತಾ?"

ತಿಳಿಯಿತು. ಆದರೆ ಕಿಂಡಿ ಮುಚ್ಚುವುದು ಹೇಳಿದಷ್ಟು ಹಗುರವಾಗಿರಲಿಲ್ಲ. ಮರುದಿನ ಬೆಳಗ್ಗೆ ಗನ್ ಹಿಡಿದು ಗೋಡೆಯ ಮುಂದೆ ಕೂತ ಕೊರಗಪ್ಪಣ್ಣನ ಕೈ ಏಳಲಿಲ್ಲ. ಮಾಡಿನ ಮೂಗು ಮುಚ್ಚಲು ಹೊರಟ ಹಾಗೆ ಸಂಕಟವಾಯಿತು. ಬಾಶ್‌ಮುಹಂದಿಸರು ಹೇಳಿದ್ದಾರೆ ಸರಿ, ನಾಳೆ ಈ ಮರ ಕುಂಬಾದರೆ ಶಾಪ ಯಾರಿಗೆ? ಅವರು ಗನ್ ಕೆಳಗಿಟ್ಟು ಜಾಲರಿಯ ಮುಂದೆ ಅಂಗೈ ಹಿಡಿದರು. ಹೊರಗಿನ ಗಾಳಿ ಒಳಗೆ ಬರುತ್ತಿತ್ತು, ಬಿಸಿಯಾಗಿ, ಜಿಗುಟಾಗಿ, ಉಪ್ಪುಪ್ಪಾಗಿ. ಅದು ಬಂದು ತಾಗುವ ಎ.ಸಿ. ಕೊಳವೆಯ ಮೈಯೆಲ್ಲ ಹನಿ, ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಚೊಂಬಿನ ಹಾಗೆ. ಆ ಹನಿಗಳನ್ನು ಅವರು ತುಂಬ ಹೊತ್ತು ನೋಡಿದರು.

"ಸೈದು, ಊರಲ್ಲಿ ಗಾಳಿ ಬಂದು ಮರ ಒಣಗಿಸ್ತದೆ," ಎಂದರು ಕೊನೆಗೆ. "ಇಲ್ಲಿ ಗಾಳಿಯೇ ನೀರು ಹೊತ್ತುಕೊಂಡು ಬರುದು ಮಾರಾಯ. ನಾವು ಬಾಗಿಲು ತೆಗೆದಿಟ್ಟು ಕರೆದದ್ದು."

"ಹಾಗಾದ್ರೆ ಮುಚ್ಚುವನಾ?"

"ಮುಚ್ಚುವ. ಪೈಪು ಹಿಡಿ."

ತಂತಿಬಲೆಯನ್ನು ಕಿತ್ತು, ಹೊರಗಿನಿಂದ ಹಲಗೆ ಹೊಡೆಸಿ, ಒಳಗಿನಿಂದ ಫೋಮ್ ತುಂಬಿದರು. ಅದು ಉಬ್ಬಿ ಉಬ್ಬಿ ಗೋಡೆಯೊಂದಿಗೆ ಒಂದಾಯಿತು. ಬಣ್ಣ ಬಳಿದದ್ದೂ ಆಯಿತು. ಒಂದು ವಾರ ಕಳೆದು ಅಟ್ಟಕ್ಕೆ ಹತ್ತಿದಾಗ ಕೊಳವೆ ಒಣಗಿತ್ತು. ಹಲಗೆಗಳಿಗೆ ಮೂಗು ತಾಗಿಸಿ ಮೂಸಿದರು, ಕುಂಬಿನ ವಾಸನೆ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿದ್ದ ಮಧ್ಯಾಹ್ನ, ಮಾಡಿನ ಅಡಿಯಲ್ಲಿ ಶರಟಿನ ಗುಂಡಿ ಹಾಕಿಕೊಂಡೇ ಕೂರುವಷ್ಟು ತಂಪು. ಕುವೈತಿಗೆ ಬಂದ ಮೇಲೆ ಮಾಡಿನ ಹತ್ತಿರ ಬೆವರದೆ ಕೂತದ್ದು ಅದೇ ಮೊದಲು ಎಂದು ಅವರಿಗೆ ಖುಷಿಯಾಯಿತು. ಜೊತೆಗೇ ಭಯವೂ ಆಯಿತು, ಯಾಕೆಂದರೆ ಪರೀಕ್ಷೆ ಇನ್ನೂ ಬಾಕಿ ಇತ್ತು.

ಅದೇ ಹುಡುಗಿ ಬಂದರು. ಈ ಸಲ ಅವರ ಕೈಯಲ್ಲಿ ಪೆನ್ನಿನಷ್ಟು ದೊಡ್ಡ ಒಂದು ಕಡ್ಡಿ, ತುದಿಯಲ್ಲಿ ಬಿಳಿ ಹೊಗೆ. ಅದನ್ನು ಮೊದಲು ಒಂದು ತುದಿಯ ಗೋಡೆಯ ಬಳಿ ಹಿಡಿದರು. ಗಾಳಿ ನುಸುಳಿದರೆ ವಾಲಬೇಕಾದ ಹೊಗೆ ಅಲುಗದೆ ನೆಟ್ಟಗೆ ಏರಿತು. ಇನ್ನೊಂದು ತುದಿಗೆ ಹೋದರು, ಮಾಡು ಗೋಡೆ ಕೂಡುವ ಮೂಲೆಗಳಿಗೆಲ್ಲ ಹೋದರು. ಕೊರಗಪ್ಪಣ್ಣ ಉಸಿರು ಬಿಗಿಹಿಡಿದಿದ್ದರು, ತಮ್ಮ ಉಸಿರೇ ಹೊಗೆಯನ್ನು ಅಲ್ಲಾಡಿಸೀತು ಎಂಬ ಹೆದರಿಕೆ. ಒಂದು ಮೂಲೆಯಲ್ಲಿ ಹೊಗೆ ಕೊಂಚ ವಾಲಿತು. ಅದು ಸೈದು ಸೀನು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದದ್ದು. ಹುಡುಗಿ ಕಾದು, ಮತ್ತೊಮ್ಮೆ ಹಿಡಿದು ನೋಡಿದರು. ಹೊಗೆ ನೆಟ್ಟಗಿತ್ತು.

"ತಮಾಮ್, ಎಲ್ಲ ಸರಿ," ಎಂದರು ಅವರು. ಕೆಳಗಿಳಿದು ಹಾನಿಯವರ ಎದುರಿಗೇ ಒಪ್ಪಿಗೆಗೆ ಸಹಿ ಹಾಕಿದರು. ಹೋಗುವ ಮುಂಚೆ ತಿರುಗಿ, "ಸದೀಕ್, ಕೆಲಸ ಚೆನ್ನಾಗಿದೆ" ಎಂದರು. ಹಾನಿಯವರು ಕೊರಗಪ್ಪಣ್ಣನ ಭುಜ ಹಿಡಿದು ಕುಲುಕಿ, ಮುಂದಿನ ವಾರ ಎರಡನೇ ಮನೆ, ಯಲ್ಲಾ, ತಂಡ ನೀನೇ ಆರಿಸಿಕೋ ಎಂದರು. ಕೊರಗಪ್ಪಣ್ಣನಿಗೆ ಅವರ ಹೆಸರಿನ ಅರಬಿ ಅರ್ಥ ಅಂದೇ ಮೊದಲ ಬಾರಿ ಸರಿಯಾಗಿ ತಲೆಗೆ ಹತ್ತಿತು.

ಅಬ್ಬಾಸಿಯಾದ ಗಲ್ಲಿಯಲ್ಲಿ ವ್ಯಾನಿನಿಂದ ಇಳಿದವರು ಮೆಟ್ಟಿಲನ್ನು ಹುಡುಗನ ಹಾಗೆ ಹತ್ತಿದರು. ವಾರಿಜಾ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದರು. ಕೊರಗಪ್ಪಣ್ಣ ಬಾಗಿಲಲ್ಲೇ ನಿಂತು ಇಷ್ಟು ದಿನ ನುಂಗಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಡಾಕ್ಟರು, ಇಕಾಮಾ, ಅಟ್ಟ, ಮೊದಲ ಸಲ ತಪ್ಪಿದ್ದು, ಈಗ ಪಾಸಾದದ್ದು. "ಇನ್ನು ಊರಿಗೆ ಹೋಗ್ಲಿಕ್ಕಿಲ್ಲ," ಎಂದು ಮುಗಿಸಿದರು.

ವಾರಿಜಾ ಒಲೆ ಆರಿಸಿದರು. ಹುರಿದ ಮೀನನ್ನು ತಟ್ಟೆಗೆ ತೆಗೆದಿಟ್ಟರು.

"ಹಾಗಾದ್ರೆ ನಾಳೆಯೇ ನಮ್ಮ ಮೇಡಂ ಹತ್ರ ಮಾತಾಡ್ಬೇಕು," ಎಂದರು.

"ಎಂತಕ್ಕೆ?"

"ಈ ತಿಂಗಳಿಗೆ ಕೆಲಸ ಬಿಡ್ತೇನೆ ಅಂತ ಹೇಳಿ ಆಗಿದೆ."

ಕೊರಗಪ್ಪಣ್ಣನಿಗೆ ಅರ್ಥವಾಗಲಿಲ್ಲ.

"ಬಾಯಮ್ಮ ಹೇಳಿದ್ರು, ಆ ಕಿಂಡಿಗೆ ಒಪ್ಪಿಗೆ ಇಲ್ಲ ಅಂತಾದ ದಿನವೇ," ಎಂದರು ವಾರಿಜಾ. "ನೀವೇ ಹೇಳ್ತೀರಿ ಅಂತ ಕಾದೆ. ನೀವು ಗೋಡೆಗೆ ಮುಖ ಮಾಡಿ ಮಲಗಿದ್ರಿ. ಮತ್ತೆ ಕೇಳುದೆಂತ? ನೀವು ಹೋಗುದಾದ್ರೆ ನಾನೂ ಬರುದು, ಅಷ್ಟೆ."

"ನಿಂಗೆ ಆ ಮಕ್ಕಳಂದ್ರೆ ಜೀವ ಅಲ್ವಾ ಮಾರಾಯ್ತಿ."

"ಜೀವವೇ. ಹೇಳಿ ಬಂದ ದಿನ ಬಸ್ಸಿನಲ್ಲಿ ಕೂತು ಅತ್ತಿದ್ದೇನೆ. ನಾಳೆ ಹೋಗಿ ಕೇಳ್ತೇನೆ, ಬೇರೆ ಯಾರನ್ನೂ ಇನ್ನೂ ನೋಡ್ಲಿಲ್ಲ ಅವರು, ಕೆಲಸ ವಾಪಸ್ ಕೊಟ್ಟಾರು. ಆದ್ರೆ ಒಂದು ಹೇಳ್ತೇನೆ ಕೇಳಿ. ಫೋನಿನ ಒಳಗಿನ ಗಂಡ ನಂಗೆ ಸಾಕಾಗಿದ್ದಾನೆ. ಮಾಡು ಯಾವ ಊರಿದ್ದಾದ್ರೂ ಆಗ್ಲಿ, ಅದರ ಅಡಿಯಲ್ಲಿ ನೀವಿರ್ಬೇಕು."

ಕೊರಗಪ್ಪಣ್ಣ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತರು, ಮುಚ್ಚುಮರೆಯಿಲ್ಲದೆ. ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಭಾರದ ಇನ್ನೊಂದು ತುದಿಯನ್ನು ಇವಳು ಇಷ್ಟು ದಿನವೂ ಹಿಡಿದೇ ಇದ್ದಳಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ವಾರಿಜಾ ಅವರ ಕೈಗೆ ಟವೆಲು ಕೊಟ್ಟು, ಮುಖ ತೊಳೆದು ಬನ್ನಿ, ಮೀನು ತಣಿಯುತ್ತದೆ ಎಂದರು. ಅವರು ಬಚ್ಚಲಿಗೆ ಹೋದ ಮೇಲೆ ಒಲೆಯನ್ನು ಮತ್ತೆ ಹೊತ್ತಿಸಿ, ಉಳಿದ ಎರಡು ಬಂಗುಡೆಗಳನ್ನೂ ಕಾವಲಿಗೆ ಹಾಕಿದರು.